ಹೊಲದಲ್ಲಿ ಸಿಕ್ಕ ಕಬ್ಬಿಣದ ಗುಂಡು ಏನಿರಬಹುದು?

ಪ್ರಶ್ನೆ: ಹೊಲದಲ್ಲಿ ಗುಂಡಿ ತೋಡುವಾಗ ಮೊಣಕಾಲಾಳದಲ್ಲಿ ತುಕ್ಕು ಹಿಡಿದ ಒಂದು ಗುಂಡು ಸಿಕ್ಕಿದೆ. ಅಡ್ಡಳತೆ 10 ಸೆಂಟಿಮೀಟರ್, ತೂಕ ಎರಡೂವರೆ ಕಿಲೋ. ಅಯಸ್ಕಾಂತ ಅಂಟುತ್ತದೆ. ಒಂದು ಕಡೆ ನಾಣ್ಯದಗಲ ಬೇರೆ ಬಣ್ಣದ ಕಲೆ ಇದೆ. ಫಿರಂಗಿ ಗುಂಡೋ, ಶಾಟ್‌ಪುಟ್ಟೋ? ಗ್ರೈಂಡರ್ ಹಿಡಿದು ತುಕ್ಕು ತೆಗೆದು ನೋಡಲೇ?

ಉತ್ತರ: ಗ್ರೈಂಡರ್ ಬೇಡ. ದಯವಿಟ್ಟು ಬೇಡ. ಯಾಕೆ ಅಂತ ನೀವೇ ಕೊಟ್ಟ ಲೆಕ್ಕದಿಂದ ಹೇಳುತ್ತೇನೆ.

ನಾನು ಎರಕದ ಕೆಲಸದವನು, ಕಬ್ಬಿಣದ ಮಾತು ಬಂದರೆ ಮೊದಲು ನೋಡುವುದು ತೂಕ. 10 ಸೆಂಟಿಮೀಟರ್ ಗುಂಡಿನ ಗಾತ್ರ ಸುಮಾರು 524 ಘನ ಸೆಂಟಿಮೀಟರ್. ಎರಕದ ಕಬ್ಬಿಣ ಒಂದು ಘನ ಸೆಂಟಿಮೀಟರಿಗೆ 7.2 ಗ್ರಾಂ ತೂಗುತ್ತದೆ. ಅಂದರೆ ಒಳಗೆಲ್ಲ ಗಟ್ಟಿಯಿದ್ದರೆ ಹತ್ತಿರ ಹತ್ತಿರ 3 ಕಿಲೋ 800 ಗ್ರಾಂ ಇರಬೇಕು. ಉಕ್ಕಾಗಿದ್ದರೆ ನಾಲ್ಕು ಕಿಲೋ ದಾಟಬೇಕು. ನಿಮ್ಮದು ಎರಡೂವರೆ. ತುಕ್ಕು ಹಗುರ, ನಿಜ. ಆದರೆ ಸುತ್ತಲೂ 3 ಮಿಲಿಮೀಟರ್ ತುಕ್ಕು ಕಟ್ಟಿದೆ ಅಂದುಕೊಂಡರೂ ತೂಕ ಮೂರು ಕಿಲೋಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ನಿಮ್ಮ ಗುಂಡು ಒಳಗೆ ಟೊಳ್ಳು ಅನ್ನುವುದೇ ನನ್ನ ಅನುಮಾನ.

ಗಟ್ಟಿ ಗುಂಡಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅದಿರು, ಸಿಮೆಂಟ್ ಅರೆಯುವ ಬಾಲ್ ಮಿಲ್‌ನ ಗುಂಡು ಅಂದುಬಿಡುತ್ತಿದ್ದೆ. ಜನ ಫಿರಂಗಿ ಗುಂಡು ಅಂತ ತರುವುದರಲ್ಲಿ ಅವೇ ಜಾಸ್ತಿ. ಹೆಂಗಸರ ಶಾಟ್‌ಪುಟ್ 9.5ರಿಂದ 11 ಸೆಂಟಿಮೀಟರ್ ಇರುತ್ತದೆ, ಅಳತೆ ಹೊಂದುತ್ತದೆ. ಆದರೆ ಅದರ ತೂಕ 4 ಕಿಲೋ. ಮಕ್ಕಳಿಗೆ ಹಗುರವಾದವೂ ಇವೆ, ಆದರೆ ಆ ಭರವಸೆಯ ಮೇಲೆ ಗ್ರೈಂಡರ್ ಹಚ್ಚಬಾರದು.

ಆ ನಾಣ್ಯದಗಲದ ಕಲೆಯೇ ನನ್ನನ್ನು ಕಾಡುತ್ತಿರುವುದು. ಹಿಂದಿನ ಕಾಲದ ಟೊಳ್ಳು ಫಿರಂಗಿ ಗುಂಡುಗಳಿಗೆ ಒಂದು ತೂತು ಬಿಟ್ಟು, ಒಳಗೆ ಕಪ್ಪು ಮದ್ದು ತುಂಬಿ, ಮರದ ಅಥವಾ ಲೋಹದ ಬಿರಡೆ ಜಡಿಯುತ್ತಿದ್ದರು. ಮರ ಕೊಳೆತರೆ ಆ ತೂತಿನಲ್ಲಿ ಮಣ್ಣು ಕೂತು ಬರೀ ಕಲೆಯ ಹಾಗೆ ಕಾಣುತ್ತದೆ. ಹಳೆಯದು, ಮದ್ದು ಸತ್ತಿರುತ್ತದೆ ಅಂತ ಸುಮ್ನೆ ನಂಬಬೇಡಿ. ಕಪ್ಪು ಮದ್ದು ನೆನೆದರೂ ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹಳೆಯ ವಸ್ತುಗಳನ್ನು ಕೂಡಿಡುವ ಅನುಭವಿಯೊಬ್ಬರು ಅಂತರ್ಯುದ್ಧ ಕಾಲದ ಗುಂಡನ್ನು ಸ್ವಚ್ಛ ಮಾಡುವಾಗ ಅದು ಸಿಡಿದು ತೀರಿಕೊಂಡರು. ಆ ಯುದ್ಧ ಮುಗಿದದ್ದು 1865ರಲ್ಲಿ! ಗ್ರೈಂಡರಿನ ಕಿಡಿ, ಡ್ರಿಲ್ಲಿನ ಬಿಸಿ, ಸುತ್ತಿಗೆಯ ಪೆಟ್ಟು, ಯಾವುದೂ ಹತ್ತಿರ ಬರಬಾರದು.

ಈಗ ಅದು ಎಲ್ಲಿದೆಯೋ ಅಲ್ಲೇ ಇರಲಿ. ಮತ್ತೆ ತೂಗಬೇಡಿ, ನೀರಿಗೆ ಹಾಕಬೇಡಿ, ಗಾಡಿಯಲ್ಲಿಟ್ಟು ಯಾರಿಗೂ ತೋರಿಸಲು ಒಯ್ಯಬೇಡಿ. ಮಕ್ಕಳನ್ನು ದೂರವಿಡಿ. ಪೊಲೀಸರಿಗೆ ಫೋನ್ ಮಾಡಿ, ಅಳತೆ, ತೂಕ, ಕಲೆ, ಮೂರನ್ನೂ ಹೇಳಿ. ಬಾಂಬ್ ಪತ್ತೆ ದಳದವರು ನೋಡಿ ಖಾಲಿ ಅಂದರೆ ಆಮೇಲೆ ನಿಧಾನವಾಗಿ ಅದರ ಇತಿಹಾಸ ಹುಡುಕೋಣ. ಅಲ್ಲಿಯವರೆಗೆ ಆ ಗುಂಡಿಯನ್ನೂ ಇನ್ನು ಆಳಕ್ಕೆ ತೋಡಬೇಡಿ, ಒಂದು ಸಿಕ್ಕ ಕಡೆ ಇನ್ನೊಂದು ಇರಬಹುದು.