ನೀರಿನ ಅಣು ಬಾಗಿರುವುದೇಕೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಪ್ರಥಮ ಪಿಯುಸಿ. ಲೂಯಿಸ್ ರಚನೆಯಲ್ಲಿ ನೀರನ್ನು ಎಚ್–ಒ–ಎಚ್ ಎಂದು ಒಂದೇ ಗೆರೆಯಲ್ಲಿ ಬರೆದು, ಬಂಧಕೋನ 180 ಡಿಗ್ರಿ ಎಂದಳು. ಸರಿಯುತ್ತರ 104.5 ಅಂತೆ. ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ಇಲ್ಲವೆ?”

ಸಂಪಾದಕರ ಉತ್ತರ:

ದಾರಿ ಇದೆ. 1916ರಲ್ಲಿ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಕೊಟ್ಟ ಈ ಚುಕ್ಕಿ-ಗೆರೆಯ ಬರವಣಿಗೆ ಎಲೆಕ್ಟ್ರಾನುಗಳ ಜಮಾಖರ್ಚು. ಲೆಕ್ಕದ ಪುಸ್ತಕ ನೋಡಿ ಅಡಿಕೆ ತೋಟದ ಆಕಾರ ಹೇಳಲಾಗದು. ಮರ ಎಷ್ಟು ಎಂದು ಹೇಳಬಹುದು. ನಮಗೆ ಬೇಕಾದದ್ದು ಆ ಎಣಿಕೆಯೇ.

ಆಕ್ಸಿಜನ್ನಿನ ಹೊರಕವಚದಲ್ಲಿ 6 ಎಲೆಕ್ಟ್ರಾನ್, ಎರಡು ಹೈಡ್ರೋಜನ್‌ಗಳಿಂದ 2. ಒಟ್ಟು ನಾಲ್ಕು ಜೋಡಿ. ಎರಡು ಜೋಡಿ ಬಂಧಕ್ಕೆ ಹೋದವು, ಇನ್ನೆರಡು ಒಂಟಿ ಜೋಡಿಗಳಾಗಿ ಆಕ್ಸಿಜನ್ ಮೇಲೇ ಉಳಿದವು. ಮಗಳು ಈ ಎರಡನ್ನು ಮರೆತಿದ್ದಾಳೆ, ಅಷ್ಟೆ. ಕಣ್ಣಿಗೆ ಗೆರೆಯಾಗಿ ಕಾಣದಿದ್ದರೂ ಅವು ಜಾಗ ಹಿಡಿಯುತ್ತವೆ, ಪಕ್ಕದವನ್ನು ತಳ್ಳುತ್ತವೆ.

ತಳ್ಳಾಟ ಹೇಗಿರುತ್ತದೆಂದು ಕೈಯಲ್ಲೇ ನೋಡಬಹುದು. ಶಿವಮೊಗ್ಗದ ಮಾರಿಕಾಂಬಾ ಜಾತ್ರೆಯಲ್ಲಿ ಮಾರುವಂಥ ನಾಲ್ಕು ಬಲೂನುಗಳನ್ನು ಒಂದೇ ಗಾತ್ರಕ್ಕೆ ಊದಿ, ಬಾಯಿಗೆ ಬಾಯಿ ಸೇರಿಸಿ ಬಿಗಿಯಾಗಿ ಕಟ್ಟಿ. ಮೇಜಿನ ಮೇಲಿಟ್ಟರೆ ಮೂರು ಕಾಲೂರಿ ಒಂದು ನೆಟ್ಟಗೆ ನಿಲ್ಲುತ್ತದೆ. ಒತ್ತಿ ಅಧಿಕ ಚಿಹ್ನೆಯ ಹಾಗೆ ಚಪ್ಪಟೆ ಮಾಡಿ ನೋಡಿ: ಕೈ ಬಿಟ್ಟೊಡನೆ ಪುಟಿದು ಮೊದಲಿನಂತಾಗುತ್ತದೆ. ಚಪ್ಪಟೆಯಾಗಿದ್ದಾಗ ಪಕ್ಕಪಕ್ಕದವುಗಳ ನಡುವೆ 90 ಡಿಗ್ರಿ, ಪುಟಿದು ಮೂರು ಕಾಲಿನ ಆ ಆಕಾರಕ್ಕೆ, ಅಂದರೆ ಚತುರ್ಮುಖಿಗೆ, ಬಂದಾಗ 109.5. ಮಿಥೇನ್ ಅಣುವಿನ ಕೋನ ಇದೇ.

ಈಗ ಒಂದು ಬಲೂನನ್ನು ಸ್ವಲ್ಪ ದೊಡ್ಡದಾಗಿ ಊದಿ. ಉಳಿದ ಮೂರು ಒಂದಕ್ಕೊಂದು ಹತ್ತಿರವಾಗುತ್ತವೆ. ಒಂಟಿ ಜೋಡಿ ಎಂದರೆ ಆ ದೊಡ್ಡ ಬಲೂನು. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್‌ಗಳು ಎರಡೂ ಕಡೆಯಿಂದ ಎಳೆದು ಹಿಡಿದಿರುತ್ತವೆ; ಒಂಟಿ ಜೋಡಿಗೆ ಒಂದೇ ನ್ಯೂಕ್ಲಿಯಸ್ ಇರುವುದರಿಂದ ಅದು ಅಲ್ಲೇ ಹರಡಿಕೊಳ್ಳುತ್ತದೆ. ಅಮೋನಿಯದಲ್ಲಿ ಅಂಥದ್ದು ಒಂದು, ಕೋನ ಸುಮಾರು 107. ನೀರಿನಲ್ಲಿ ಎರಡು, 104.5.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. 1957ರಲ್ಲಿ ರಸಾಯನವಿಜ್ಞಾನಿಗಳಾದ ಗಿಲೆಸ್ಪಿ ಮತ್ತು ನೈಹೋಮ್ ರೂಪಿಸಿದ, ಜೋಡಿಗಳ ತಳ್ಳಾಟದ ಈ ನಿಯಮ ನಮಗೆ ಕೊಡುವುದು “109.5ಕ್ಕಿಂತ ಕಡಿಮೆ, ಅಮೋನಿಯಕ್ಕಿಂತಲೂ ಕಡಿಮೆ” ಎಂಬಷ್ಟನ್ನೇ. 104.5 ಎಂಬುದು ಪ್ರಯೋಗದಲ್ಲಿ ಅಳೆದು ಸಿಕ್ಕ ಸಂಖ್ಯೆ. ನನ್ನ ಕೇಳಿದರೆ, ಮಗಳು ಸಂಖ್ಯೆ ಮರೆತು ಕಾರಣ ಹೇಳಿದರೂ ಪೂರ್ತಿ ಅಂಕ ಕೊಡಬೇಕು. ಹೈಡ್ರೋಜನ್ ಸಲ್ಫೈಡ್‌ನಲ್ಲೂ ನೀರಿನಂತೆಯೇ ಎರಡು ಬಂಧ, ಎರಡು ಒಂಟಿ ಜೋಡಿ. ಕೋನ ಮಾತ್ರ 92. ಗಂಧಕದ ಪರಮಾಣು ದೊಡ್ಡದು, ಬಂಧ ಉದ್ದ, ಬಂಧದ ಜೋಡಿಗಳು ದೂರ ದೂರ. ಒಂಟಿ ಜೋಡಿಗಳು ತಳ್ಳಿದಷ್ಟೂ ಅವು ಸರಿಯುತ್ತವೆ. ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮಗಳ 180 ನಿಜಕ್ಕೂ ಇದೆ. ದ್ವಿಬಂಧವನ್ನು, ಅಂದರೆ ಎರಡು ಜೋಡಿಗಳ ಬಂಧವನ್ನು, ಒಂದೇ ಗುಂಪೆಂದು ಎಣಿಸಬೇಕು, ಕಾರ್ಬನ್ ಮೇಲೆ ಒಂಟಿ ಜೋಡಿಯೂ ಇಲ್ಲ. ಇರುವುದು ಎರಡೇ ಗುಂಪು, ಅವು ಎದುರುಬದುರಾಗಿ ನಿಲ್ಲುತ್ತವೆ.

ಅವಳಿಗೆ ನನ್ನದೊಂದು ಪ್ರಶ್ನೆ: ಅಮೋನಿಯದ ಮೂರು ಹೈಡ್ರೋಜನ್ ತೆಗೆದು ಫ್ಲೋರಿನ್ ಕೂರಿಸಿದರೆ ಕೋನ ಹಿಗ್ಗುತ್ತದೆಯೋ ಕುಗ್ಗುತ್ತದೆಯೋ? ಫ್ಲೋರಿನ್ ಬಂಧದ ಜೋಡಿಯನ್ನು ತನ್ನ ಕಡೆಗೆ ಬಲವಾಗಿ ಎಳೆದುಕೊಳ್ಳುತ್ತದೆ ಎಂಬುದು ಸುಳಿವು. ಕಾರಣದ ಸಮೇತ ಅವಳೇ ಕಾಗದ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅವಳಿಗೇ ಉತ್ತರಿಸುತ್ತೇನೆ.