ಮಟ್ಟಾಂಚೇರಿ ನೋಡಿದವರು ಚೇಂದಮಂಗಲಂಗೂ ಹೋಗಬೇಕೇ?

ಕೊಚ್ಚಿಗೆ ಹೊರಟಿರುವ ತಾವು, ಮಟ್ಟಾಂಚೇರಿಯ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ) ನೋಡಿದ ಮೇಲೆ, ಹಳೆಯ ಸಿನಗಾಗೊಂದರಲ್ಲೇ ಇರುವ ಚೇಂದಮಂಗಲಂನ ಪುಟ್ಟ ಯಹೂದಿ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡುವುದು ಸಾರ್ಥಕವೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಬನ್ನಿ. 1568ರಲ್ಲಿ ಕಟ್ಟಿದ ಮಟ್ಟಾಂಚೇರಿಯ ಮಂದಿರದಲ್ಲಿ ನೆಲದ ಚೀನೀ ಹೆಂಚುಗಳ ಚಿತ್ತಾರವನ್ನು ಕಣ್ತುಂಬಿಕೊಳ್ಳುವಷ್ಟರಲ್ಲಿ ಹಿಂದಿನ ಜನ ಒತ್ತಿ ಬರುತ್ತಾರೆ. ಚೇಂದಮಂಗಲಂನಲ್ಲಿ ನಿಂತು ನೋಡುವ ಬಿಡುವಿದೆ. ಅದಕ್ಕಿಂತ ಮುಖ್ಯವಾಗಿ, ಕೇರಳದ ಯಹೂದಿ ಹೆಂಗಸರ ಬದುಕು ನನಗೆ ಇಲ್ಲಿ ಕಂಡಷ್ಟು ಹತ್ತಿರದಿಂದ ಬೇರೆಲ್ಲೂ ಕಂಡಿಲ್ಲ.

ಒಳಗೆ ಕಾಲಿಡುವ ಮೊದಲೇ, ಕಟ್ಟಡದ ಮುಂದೆ ನಿಲ್ಲಿಸಿರುವ ಸಮಾಧಿಕಲ್ಲನ್ನು ನೋಡಿ. ಇಸ್ರೇಲ್ ಎಂಬವರ ಮಗಳು ಸಾರಾಳ ಹೆಸರಿನಲ್ಲಿ 1269ರಲ್ಲಿ ಕೆತ್ತಿದ ಈ ಕಲ್ಲನ್ನು, ಭಾರತದಲ್ಲಿ ದೊರೆತಿರುವ ಹೀಬ್ರೂ ಬರಹಗಳಲ್ಲೇ ಅತ್ಯಂತ ಹಳೆಯದೆಂದು ಗುರುತಿಸುತ್ತಾರೆ. ಕೇರಳದ ಯಹೂದಿ ಚರಿತ್ರೆಯೆಂದರೆ ಯಹೂದಿ ಮುಖಂಡ ಜೋಸೆಫ್ ರಬ್ಬಾನನಿಗೆ ಚೇರ ಅರಸ ಭಾಸ್ಕರ ರವಿವರ್ಮ ಕೊಟ್ಟ ತಾಮ್ರಪಟದಿಂದಲೇ ಮಾತು ಶುರುವಾಗುವುದು ರೂಢಿ. ಇಲ್ಲಿ ಮೊದಲು ಎದುರಾಗುವುದು ಒಬ್ಬ ಹೆಣ್ಣುಮಗಳ ಹೆಸರು.

ಕೆಳಗಿನ ಸಭಾಂಗಣದಲ್ಲಿ ಮರದ ಮುಚ್ಚಿಗೆಯ ಕಮಲಗಳನ್ನು ನೋಡಿಕೊಂಡು, ತಪ್ಪದೆ ಮಹಡಿ ಹತ್ತಿ. ಯಹೂದಿಗಳ ಧರ್ಮಗ್ರಂಥ ತೋರಾವನ್ನು ಓದುವ ಕಟ್ಟೆ ಸಿನಗಾಗಿನ ನಡುವೆ ಇರುವುದು ವಾಡಿಕೆಯಾದರೂ, ಕೇರಳದ ಸಿನಗಾಗುಗಳಲ್ಲಿ ಮಹಡಿಯ ಮೇಲೂ ಇನ್ನೊಂದು ಕಟ್ಟೆಯಿರುತ್ತದೆ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದೂ ಹಬ್ಬಗಳಂದೂ ತೋರಾ ಪಠಣ ನಡೆಯುತ್ತಿದ್ದುದು ಅಲ್ಲಿಯೇ. ಅದರ ಬೆನ್ನಿಗೇ ಮರದ ಜಾಲಂಧ್ರ, ಅದರಾಚೆ ಹೆಂಗಸರು ಕೂರುವ ಜಾಗ. ಪ್ರತ್ಯೇಕವಾಗಿ ಕೂತರೂ ಪಠಣದ ಒಂದೊಂದು ಅಕ್ಷರವೂ ಅವರಿಗೆ ಮಾರು ದೂರದಿಂದಲೇ ಕೇಳಿಸುತ್ತಿತ್ತು ಎಂಬುದು ಆ ಜಾಲಂಧ್ರದ ಪಕ್ಕ ನಿಂತಾಗ ತಾನಾಗಿ ಅರಿವಾಗುತ್ತದೆ. ಇದೇ ಹೆಂಗಸರು ಮದುವೆಯ ಹಾಡುಗಳನ್ನೂ ಬೈಬಲ್ಲಿನ ಕಥೆಗಳನ್ನೂ ಮಲಯಾಳಂನಲ್ಲಿ ಹಾಡಿ, ನೋಟುಪುಸ್ತಕಗಳಲ್ಲಿ ಬರೆದಿಟ್ಟು, 1950ರ ದಶಕದಲ್ಲಿ ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದಾಗ ಜೊತೆಗೇ ಒಯ್ದರು. ಹೋಗುವ ಮೊದಲು ಆ ಹಾಡುಗಳ ಧ್ವನಿಮುದ್ರಿಕೆಯೊಂದನ್ನಾದರೂ ಕೇಳಿಕೊಂಡು ಹೋದರೆ ಮಹಡಿ ಬರಿದೆನಿಸುವುದಿಲ್ಲ.

ಸಬ್ಬತ್ತಿನ ಕಾರಣ ಮಟ್ಟಾಂಚೇರಿಯ ಸಿನಗಾಗ್ ಶನಿವಾರ ಮುಚ್ಚಿರುತ್ತದೆಯಾದ್ದರಿಂದ ಆ ದಿನವನ್ನೇ ಇದಕ್ಕೆ ಇಟ್ಟುಕೊಳ್ಳಬಹುದು. ಎರ್ನಾಕುಲಂನಿಂದ ಉತ್ತರ ಪರವೂರಿಗೆ ಬಸ್ಸಿದೆ, ಅಲ್ಲಿಂದ ಆಟೋ. ಮರಳುವಾಗ ಪರವೂರಿನ ಸಿನಗಾಗನ್ನೂ ನೋಡಿ. ಅದೂ ಈಗ ವಸ್ತುಸಂಗ್ರಹಾಲಯವೇ. ಅಲ್ಲಿ ತೋರಾ ಸುರುಳಿಗಳನ್ನಿಡುವ ಮರದ ಮಂಟಪ ಮಾತ್ರ ಪ್ರತಿಕೃತಿ, ಮೂಲ ಮಂಟಪ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ.