ಬಾಟ್ಲಿ ಹಚ್ಚದ ಡಾಕ್ಟ್ರ ಮೇಲೆ ಸಿಟ್ಟೇಕೆ ಮಾಸ್ತರ್ರೇ?

ಸಿಂಧನೂರು ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಎರಡು ಪುಟ ಸಿಟ್ಟು ಬರೆದು ಕಳಿಸಿದ್ದಾರೆ. ವಾಂತಿ ಭೇದಿ ಆಗಿದ್ದ ಅವರ ಅವ್ವನಿಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟ್ರು ಒಂದು ಲೋಟ ಓಆರ್‌ಎಸ್ (ಉಪ್ಪು, ಗ್ಲೂಕೋಸಿನ ಪುಡಿ ಕಲಸಿದ ನೀರು) ಕುಡಿಸಿ, ಅರ್ಧ ತಾಸು ಕೂರಿಸಿ, ಆ ಪುಡಿಯ ನಾಲ್ಕು ಪಾಕೀಟು ಕೊಟ್ಟು ಕಳಿಸಿದರಂತೆ. ಆಮೇಲೆ ಖಾಸಗಿಯವರ ಹತ್ತಿರ ಎರಡು ಬಾಟ್ಲಿ ಸಲಾಯಿನ್ ಹಚ್ಚಿಸಿದ ಮೇಲೆ ಸಂಜೆಗೆ ಎದ್ದು ಕೂತರಂತೆ. 'ಬಡವರಿಗೆ ಪುಡಿ, ಉಳ್ಳವರಿಗೆ ಸಲಾಯಿನ್, ಇದು ನ್ಯಾಯವೇ?' ಅಂತ ಕೇಳಿದ್ದಾರೆ.

ಅವ್ವ ಎದ್ದು ಕೂತದ್ದು ಸಂತೋಷ. ಬಾಟ್ಲಿ ಬೇಕೇ ಬೇಕು ಅನ್ನುವ ಹೊತ್ತೂ ಇದೆ, ಒಪ್ಪಿದೆ. ಕುಡಿದದ್ದು ನಿಲ್ಲದಿದ್ದರೆ, ಮಂಪರು ಬಂದರೆ, ಮೂತ್ರ ನಿಂತುಹೋದರೆ, ನಾಡಿ ಸೋತರೆ, ತಡ ಮಾಡದೆ ರಿಂಗರ್ ಲ್ಯಾಕ್ಟೇಟೋ (ಇದೂ ರಕ್ತನಾಳಕ್ಕೆ ಹಚ್ಚುವ ಲವಣದ ನೀರೇ) ನಾರ್ಮಲ್ ಸಲಾಯಿನ್ನೋ ಹಚ್ಚಬೇಕು. ಆದರೆ ನಿಮ್ಮ ಅವ್ವ ಆ ಲೋಟವನ್ನು ದಕ್ಕಿಸಿಕೊಂಡರು ಅಂತ ನೀವೇ ಬರೆದಿದ್ದೀರಿ. ಡಾಕ್ಟ್ರು ಕಾದು ನೋಡಿದ್ದು ಅದನ್ನೇ!

ಆ ಬಾಟ್ಲಿಯೊಳಗೆ ಏನಿರುತ್ತೆ? ಅರ್ಧ ಲೀಟರ್ ನಾರ್ಮಲ್ ಸಲಾಯಿನ್ ಅಂದರೆ ನೀರು ಮತ್ತು 4.5 ಗ್ರಾಂ ಉಪ್ಪು. ಶೇ 5ರ ಗ್ಲೂಕೋಸ್ ಆದರೆ ನೀರು ಮತ್ತು 25 ಗ್ರಾಂ ಸಕ್ಕರೆ. ಒಂದು ದೊಡ್ಡ ಜೋಳದ ರೊಟ್ಟಿಯಷ್ಟೂ ಶಕ್ತಿ ಅದರಲ್ಲಿಲ್ಲ. ವಿಟಮಿನ್ ಇಂಜೆಕ್ಷನ್ ಸೇರಿಸಿ ಹಳದಿ ಮಾಡಿದರೆ ರೇಟು ಜಾಸ್ತಿ, ಅಷ್ಟೇ. ಭೇದಿಯಲ್ಲಿ ಕೊಚ್ಚಿಹೋಗುವ ಪೊಟ್ಯಾಸಿಯಂ ಈ ಎರಡರಲ್ಲೂ ಇಲ್ಲ. ನೀವು ಮೂದಲಿಸಿದ ಪುಡಿಯಲ್ಲಿ ಇದೆ, ಲೀಟರಿಗೆ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್.

ಡಾ. ದಿಲೀಪ್ ಮಹಲನಬಿಸ್ ಹೆಸರು ಕೇಳಿದ್ದೀರಾ? 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಗಟ್ಟಲೆ ಜನ ಓಡಿಬಂದಾಗ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಎದ್ದಿತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು. ಸಲಾಯಿನ್ ಮುಗಿಯುತ್ತಾ ಬಂದಿತ್ತು. ಆಗ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಅಳೆದು ಪಾಕೀಟು ಕಟ್ಟಿಸಿದರು. ಡ್ರಮ್ಮಿನಲ್ಲಿ ಕಲಸಿ ನಲ್ಲಿ ಹಾಕಿಸಿದರು. ಕುಡಿಸಿದ್ದು ನರ್ಸಲ್ಲ, ರೋಗಿಗಳ ಅಮ್ಮ, ಅಕ್ಕ, ಮಗ. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕಾಲರಾದಲ್ಲೂ ಕರುಳು ಗ್ಲೂಕೋಸಿನ ಜೊತೆ ಉಪ್ಪನ್ನು, ಉಪ್ಪಿನ ಹಿಂದೆ ನೀರನ್ನು ಎಳೆದುಕೊಳ್ಳುತ್ತೆ. ಗುಟ್ಟು ಇಷ್ಟೇ. ಆ ಮಹಾನುಭಾವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಅದಿರಲಿ.

ನನ್ನ ಸೋದರಮಾವನ ಕಥೆ ಕೇಳಿ. ಹೃದಯ ಮೊದಲೇ ಸೋತಿತ್ತು. ಹತ್ತಿ ಬಿಡಿಸುವ ಸುಗ್ಗಿ ಮುಗಿದಾಗ 'ಸುಸ್ತು' ಅಂತ ಒಂದು ಸಣ್ಣ ದವಾಖಾನೆಗೆ ಹೋದ. 'ಲಗೂನ ಮುಗಸ್ರೀ, ಬಸ್ಸೈತಿ' ಅಂದ. ಅವರೂ ನಳಿಕೆಯ ಚಕ್ರ ಪೂರಾ ಬಿಟ್ಟರು. ಎರಡನೇ ಬಾಟ್ಲಿ ಮುಗಿಯುವ ಹೊತ್ತಿಗೆ ಮಲಗಲು ಆಗದಷ್ಟು ಉಬ್ಬಸ. ಪುಪ್ಪುಸದಲ್ಲಿ ನೀರು. ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದ. ತಪ್ಪು ಅವನದೂ ಇತ್ತು ಅನ್ನಿ. ಆದರೆ ಹಚ್ಚುವ ಮುಂಚೆ ಹೃದಯ, ಮೂತ್ರಪಿಂಡ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಬರೀ ಗ್ಲೂಕೋಸ್ ಬಾಟ್ಲಿ ಜಾಸ್ತಿ ಹೋದರೆ ರಕ್ತದ ಸೋಡಿಯಂ ಇಳಿದು ಮಿದುಳು ಬಾತುಕೊಳ್ಳಬಹುದು, ಅದನ್ನೂ ಯಾರೂ ಹೇಳುವುದಿಲ್ಲ.

ಸಲಾಯಿನ್ ನೇರ ರಕ್ತಕ್ಕೆ ಹೋಗುತ್ತೆ, ವಾಂತಿ ಮಾಡಿ ಹೊರಹಾಕಲು ಆಗುವುದಿಲ್ಲ. 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಬಾಟ್ಲಿಗಳ ಮೇಲೆ. ತಾರೀಖು ನೋಡಿ, ಬೆಳಕಿಗೆ ಹಿಡಿದು ಕಸ, ಮಬ್ಬು, ಸೋರಿಕೆ ನೋಡಿ. ಕಣ್ಣಿಗೆ ಕಾಣದ ವಿಷ ಇದ್ದರೆ ನಾವು ನೀವು ಏನು ಮಾಡೋಕಾಗುತ್ತೆ? ಅದನ್ನು ನೋಡಬೇಕಾದವರು ಬೇರೆ ಇದ್ದಾರೆ, ಸಂಬಳವೂ ತಗೊಳ್ತಾರೆ.

ಮಾಸ್ತರ್ರೇ, ನಿಮ್ಮ ಸಿಟ್ಟು ಒಳ್ಳೆಯದೇ, ಸುಮ್ನೆ ತಪ್ಪು ಬಾಗಿಲಿಗೆ ಹೋಗಿದೆ. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಜಿಲ್ಲೆ ನಮ್ಮದು. ಆದರೂ 2022ರಲ್ಲಿ ರಾಯಚೂರು ನಗರದಲ್ಲೇ ನಲ್ಲಿ ನೀರು ಕುಡಿದು ಜನ ಸತ್ತರು. ಮರುವರ್ಷ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲೂ ಅದೇ ಆಯಿತು. ನಿಮ್ಮ ಅವ್ವ ಯಾವ ನೀರು ಕುಡಿದಿದ್ದರು? ಎರಡು ಪುಟದಲ್ಲಿ ಅದೊಂದು ಮಾತಿಲ್ಲ. ನಿಮ್ಮೂರ ಟ್ಯಾಂಕು ಕೊನೇ ಸಲ ತೊಳೆದದ್ದು ಯಾವಾಗ ಅಂತ ಪಂಚಾಯ್ತಿಯಲ್ಲಿ ವಿಚಾರಿಸಿ ಬರೀರಿ. ಎಷ್ಟು ಪುಟ ಆದರೂ ಅಚ್ಚು ಹಾಕುತ್ತೇವೆ.

— ಸಂ.